ಕೊಡೆ ಹಿಡಿದವನಿಗೆ ಹಾರ

ನನಗೆ ಬಿಸಿಲೆಂದರೆ ಭಯ. ನೀರೆಂದರೂ ಭಯ, ಬೆಂಕಿಯೆಂದರೂ ಭಯ. ಗೆದ್ದಲು, ಜಿರಲೆ, ಗೋಡೆಯ ತೇವ ಇವುಗಳ ಮಾತಂತೂ ಬೇಡವೇ ಬೇಡ. ಕಾಗದದ ಜಾತಿಯೇ ಪುಕ್ಕಲು. ಹೆದರಿ ಹೆದರಿಯೇ ನಾನು ತೊಂಬತ್ತು ವರ್ಷ ದಾಟಿದ್ದೇನೆ. ನನ್ನ ಜೊತೆಯ ಧೈರ್ಯವಂತ ಕಾಗದಗಳೆಲ್ಲ ಯಾವತ್ತೋ ಬಚ್ಚಲ ಒಲೆ ಸೇರಿದವು.

ನಾನು ಜಪಾನಿನಲ್ಲಿ ಹುಟ್ಟಿದ ಚಿತ್ರ. ಈಗ ಇರುವುದು ಚನ್ನಪಟ್ಟಣದಲ್ಲಿ, ರೇಷ್ಮೆ ಕೆಲಸದವರ ಮನೆಯೊಂದರ ನಡುಮನೆಯ ಗೋಡೆಯ ಮೇಲೆ. ನನ್ನನ್ನು ಕುಂಚ ಹಿಡಿದು ಬರೆದಿಲ್ಲ, ಮರದ ಅಚ್ಚಿನಿಂದ ಒತ್ತಿ ತೆಗೆದಿದ್ದಾರೆ. ಒಬ್ಬ ಚಿತ್ರ ಬರೆದುಕೊಟ್ಟ, ಇನ್ನೊಬ್ಬ ಅದನ್ನು ಹಲಗೆಯಲ್ಲಿ ಕೊರೆದ, ಮೂರನೆಯವನು ಬಣ್ಣ ಹಚ್ಚಿ ಒತ್ತಿದ. ಕೊರೆಯುವವನ ಕೆಲಸ ನೋಡಿದರೆ ನಿಮಗೆ ಆಶ್ಚರ್ಯವಾದೀತು. ಅವನು ಗೆರೆಯನ್ನು ಕೊರೆಯುವುದಿಲ್ಲ, ಗೆರೆಯಲ್ಲದ್ದನ್ನೆಲ್ಲ ಕೊರೆದು ತೆಗೆದು ಗೆರೆಯನ್ನು ಉಳಿಸುತ್ತಾನೆ. ನನ್ನಲ್ಲಿ ಸಣ್ಣ ಮಳೆ ಬೀಳುತ್ತದೆ. ಕೂದಲೆಳೆಯಂಥ ಆ ಮಳೆಯ ಗೆರೆಗಳನ್ನು ಮರದಲ್ಲಿ ಉಳಿಸಲು ಅವನು ಉಸಿರು ಬಿಗಿಹಿಡಿದು ಹನ್ನೆರಡು ದಿನ ಕೂತಿದ್ದನಂತೆ.

ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ. ಒದ್ದೆ ಮಾಡಿದ ನನ್ನನ್ನು ಹಲಗೆಯ ಮೇಲೆ ಮಲಗಿಸಿ, ಬಿದಿರಿನ ಸಿಪ್ಪೆ ಸುತ್ತಿದ ದುಂಡು ಬಿಲ್ಲೆಯಿಂದ ಬೆನ್ನು ತಿಕ್ಕುತ್ತಿದ್ದರು. ಹೀಗೆ ಹನ್ನೊಂದು ಸಲ. ಎಳ್ಳುಕಾಳಿನಷ್ಟು ಸರಿದರೂ ಬಣ್ಣ ಗೆರೆ ದಾಟಿ ಕೆಟ್ಟುಹೋಗುತ್ತದೆ. ಹಾಗೆ ಸರಿದ ಏಳು ಹಾಳೆಗಳನ್ನು ಒತ್ತುವವನು ನನ್ನ ಕಣ್ಣೆದುರೇ ಹರಿದುಹಾಕಿದ. ಹನ್ನೊಂದನೆಯದು ಕೆಂಪು. ಕುಸುಬೆ ಹೂವಿನಿಂದ ತೆಗೆದ ಹಳೆಯ ಕಾಲದ ಕೆಂಪು. ಈ ಬಣ್ಣಕ್ಕೆ ಬಿಸಿಲಾಗದು, ಅಂಗಡಿಯ ಹೊಸ ಬಣ್ಣ ಹಾಕು ಎಂದು ಯಾರೋ ಹೇಳಿದರು. ಒತ್ತುವ ಮುದುಕ ಕೇಳಲಿಲ್ಲ. ಅವನ ಹಟ ಅವನಿಗೆ, ಅದರ ಚಿಂತೆ ಜೀವಮಾನವಿಡೀ ನನಗೆ.

ಇಷ್ಟೆಲ್ಲ ಪಾಡುಪಟ್ಟು ಅವರು ನನ್ನಲ್ಲಿ ತಂದದ್ದಾದರೂ ಏನು? ದೇವರಿಲ್ಲ, ರಾಜನಿಲ್ಲ, ಯುದ್ಧವಿಲ್ಲ. ಒಂದು ಸಣ್ಣ ಊರು, ಸಂಜೆಯ ಹೊತ್ತು, ಜಿನುಗು ಮಳೆ. ಒಂದು ಹೊಳೆ. ಅದರ ನೀಲಿ ದಡದಲ್ಲಿ ತೆಳುವಾಗಿದ್ದು ನಡುವಿಗೆ ಬಂದಂತೆ ದಟ್ಟವಾಗುತ್ತದೆ. ಈಚೆ ದಡದಲ್ಲಿ ಒಬ್ಬಳು ಹೆಂಗಸು ಕೂತು ಮೂಲಂಗಿ ತೊಳೆಯುತ್ತಿದ್ದಾಳೆ. ಆಚೆ ದಡದ ಮನೆಯೊಂದರ ಸೂರಿನಿಂದ ಹೊಗೆ ಏಳುತ್ತಿದೆ. ನಡುವೆ ಮರದ ಸೇತುವೆ, ಅದರ ಮೇಲೆ ಕೆಂಪು ಕೊಡೆ ಹಿಡಿದ ಒಬ್ಬ ಗಂಡಸು ಆಚೆಗೆ ನಡೆಯುತ್ತಿದ್ದಾನೆ. ಅವನ ಮುಖ ಕಾಣುವುದಿಲ್ಲ, ಕೊಡೆಯ ಮರೆಯಲ್ಲಿದೆ. ನನ್ನ ಕಥೆಯ ಗೋಳೆಲ್ಲ ಹುಟ್ಟಿದ್ದು ಆ ಕಾಣದ ಮುಖದಿಂದ.

ಅಂಗಡಿಯೊಂದರ ಮರದ ಖಾನೆಯಲ್ಲಿ ನಾನು ಹದಿಮೂರು ವರ್ಷ ಕತ್ತಲಲ್ಲಿ ಮಲಗಿದ್ದೆ. ಒಂದು ದಿನ ಖಾನೆ ತೆರೆಯಿತು. ಎದುರಿಗೆ ನಿಂತಿದ್ದವನು ಆ ಊರಿನವನಲ್ಲ. ಹೆಸರು ಬೋರಲಿಂಗೇಗೌಡ. ರೇಷ್ಮೆನೂಲು ತೆಗೆಯುವ ಹೊಸ ಪದ್ಧತಿ ಕಲಿಯಲು ಮೈಸೂರು ಸೀಮೆಯಿಂದ ಹೋದವನು. ಊರಿನಲ್ಲಿ ಮದುವೆಯಾಗಿ ಎರಡೇ ವರ್ಷವಾಗಿದ್ದ ಹೆಂಡತಿ, ಅವನು ಹೊರಟಾಗ ಐದು ತಿಂಗಳ ಬಸುರಿ. ಮಗಳು ಹುಟ್ಟಿದ ಸುದ್ದಿ ಕಾಗದದಲ್ಲಿ ಬಂದಿತ್ತು. ಅದೇ ಕಾಗದದಲ್ಲಿ, ಒಂದು ಪಟ ತೆಗೆಸಿ ಕಳಿಸು, ಮಗುವಿಗೆ ಅಪ್ಪನ ಮುಖ ತೋರಿಸಬೇಕು ಎಂದು ಬರೆಸಿದ್ದರು. ಆತ ಫೋಟೋ ತೆಗೆಸುವ ಬದಲು ನನ್ನನ್ನು ಕೊಂಡ. ಸುರುಳಿ ಸುತ್ತಿ ಕಾಗದದ ಜೊತೆ ಟಪಾಲಿಗೆ ಹಾಕಿದ. "ಫೋಟೋ ಇನ್ನೂ ತೆಗೆಸಿಲ್ಲ. ಸದ್ಯಕ್ಕೆ ಈ ಚಿತ್ರ ನೋಡಿಕೊಂಡಿರಿ. ನಾನೂ ದಿನಾ ಸಂಜೆ ಕಾರ್ಖಾನೆಯಿಂದ ಹೀಗೆಯೇ ಸೇತುವೆ ದಾಟಿ ಕೋಣೆಗೆ ಹೋಗುತ್ತೇನೆ" ಎಂದು ಬರೆದಿದ್ದ. ಹಡಗಿನ ತಳದಲ್ಲಿ ಉಪ್ಪುಗಾಳಿಗೆ ನಡುಗುತ್ತ ನಾನು ಬಂದೆ.

ಚನ್ನಪಟ್ಟಣದ ಮನೆಯಲ್ಲಿ ನನ್ನನ್ನು ಬಿಚ್ಚಿದವನು ಅವನ ಅಣ್ಣ ಕೆಂಚೇಗೌಡ. ಆ ಮನೆಯಲ್ಲಿ ಅಕ್ಷರ ಬರುತ್ತಿದ್ದದ್ದು ಅವನೊಬ್ಬನಿಗೆ, ಅದೂ ಕೂಡಿಸಿ ಕೂಡಿಸಿ ಓದುವಷ್ಟು. ಅವನು ಕಾಗದದ ಅರ್ಧಕ್ಕೆ ಬರುವ ಹೊತ್ತಿಗೆ ಹೆಂಗಸರು ಕೊಡೆಯವನನ್ನು ನೋಡಿಬಿಟ್ಟಿದ್ದರು. ಪಟ ಕೇಳಿದ್ದರು, ಪಟ ಬಂದಿದೆ. ಅದರಲ್ಲಿ ಇರುವ ಗಂಡಸು ಒಬ್ಬನೇ. ಇನ್ನು ಯಾರಾದಾನು? ಮುಖ ಯಾಕೆ ಕಾಣುವುದಿಲ್ಲ ಎಂದರೆ ಮಳೆ ಬರುತ್ತಿದೆಯಲ್ಲ. ಬೋರಲಿಂಗೇಗೌಡನ ಹೆಂಡತಿ ಚಿಕ್ಕತಾಯಮ್ಮ, ಹದಿನೆಂಟರ ಹುಡುಗಿ, ಕೊಡೆಯ ಮೇಲೆ ಬೆರಳಿಟ್ಟಳು. ಕೂಸನ್ನು ಎತ್ತಿ ನನ್ನ ಮುಂದೆ ಹಿಡಿದು, ನೋಡು ನಿಮ್ಮಪ್ಪ ಅಂದಳು.

ನಾನು ಕೂಗಿ ಹೇಳಬೇಕೆಂದುಕೊಂಡೆ. ಇವನು ಅವನಲ್ಲ. ಇವನನ್ನು ಕೊರೆದಾಗ ಬೋರಲಿಂಗೇಗೌಡ ಊರಿನಲ್ಲಿ ದನ ಕಾಯುತ್ತಿದ್ದ ಹುಡುಗ. ಇವನು ಇನ್ನೂರು ಹಾಳೆಯಲ್ಲಿ ಇನ್ನೂರು ಸೇತುವೆಯ ಮೇಲೆ ನಡೆಯುತ್ತಿದ್ದಾನೆ. ಆದರೆ ಕಾಗದಕ್ಕೆ ಬಾಯಿ ಎಲ್ಲಿದೆ? ಆ ಟಪಾಲಿನ ಕಾಗದ ನಾಲ್ಕು ಮನೆ ಸುತ್ತಿ ಎಲ್ಲೋ ಕಳೆದುಹೋಯಿತು. ವರ್ಷ ಕಳೆದಂತೆ, ಓದಿದ ಕೆಂಚೇಗೌಡನೂ ಓದಿದ್ದನ್ನು ಮರೆತ. ಅವನಿಗೂ ನಾನು ತಮ್ಮನ ಪಟವಾದೆ.

ಗಾಜು ಹಾಕಿಸಿ, ಕಟ್ಟು ಹಾಕಿಸಿ ನನ್ನನ್ನು ನಡುಮನೆಯಲ್ಲಿ ತೂಗುಹಾಕಿದರು. ಕಟ್ಟು ಹಾಕುವವನು ತನ್ನಲ್ಲಿದ್ದ ಚೌಕಟ್ಟಿಗೆ ಹೊಂದಲಿ ಎಂದು ನನ್ನ ನಾಲ್ಕೂ ಅಂಚು ಕತ್ತರಿಸಿದ. ನನ್ನ ಊರು, ಹೆಸರು, ಮುದ್ರೆ ಎಲ್ಲ ಅವನ ಕಸದ ಬುಟ್ಟಿಗೆ ಹೋಯಿತು. ಆದರೂ ಜಾಗ ಒಳ್ಳೆಯದಿತ್ತು. ರೇಷ್ಮೆಹುಳ ಸಾಕುವ ಮನೆ, ಬಿಸಿಲು ಒಳಗೆ ಬಿಡುತ್ತಿರಲಿಲ್ಲ. ಗೋಡೆಯುದ್ದಕ್ಕೂ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಬಂದಂತೆ ಕೇಳುತ್ತಿತ್ತು. ನನ್ನ ಕಾಗದವೂ ಹಿಪ್ಪುನೇರಳೆಯ ಹತ್ತಿರದ ನೆಂಟ ಗಿಡವೊಂದರ ತೊಗಟೆಯದು. ಸೊಪ್ಪಿನ ವಾಸನೆಗೆ ತವರಿಗೆ ಬಂದಂತಾಗುತ್ತಿತ್ತು.

ನೆರೆಯ ಹೆಂಗಸರು ಬಂದು ನನ್ನನ್ನು ನೋಡಿ ಚಿಕ್ಕತಾಯಮ್ಮನನ್ನು ಕಾಡಿಸುತ್ತಿದ್ದರು. ಗಂಡ ಒಬ್ಬನೇ ಇಲ್ಲವಲ್ಲೇ, ಪಕ್ಕದಲ್ಲಿ ಯಾವಳೋ ಮೂಲಂಗಿ ತೊಳೀತಾ ಇದಾಳೆ, ಇನ್ನು ನಿನ್ನ ಕೈಗೆ ಸಿಕ್ಕಿದ ಹಾಗೇ ಎನ್ನುತ್ತಿದ್ದರು. ಅವಳು ನಗದೆ ನನ್ನ ಹತ್ತಿರ ಬಂದು ಚೆನ್ನಾಗಿ ನೋಡಿದಳು.

"ಅವ್ಳು ತಲೆ ಎತ್ತಿಲ್ಲ, ಇವ್ರು ತಿರುಗಿಲ್ಲ. ಇಬ್ರೂ ಅವ್ರವ್ರ ಕೆಲ್ಸದಲ್ಲವ್ರೆ" ಎಂದಳು.

ನನ್ನನ್ನು ಬರೆದವನು ಈ ಮಾತು ಕೇಳಿದ್ದರೆ ಎದ್ದು ಕೈಮುಗಿಯುತ್ತಿದ್ದ. ಅವನು ಹೇಳಬೇಕೆಂದಿದ್ದದ್ದು ಅಷ್ಟನ್ನೇ.

ಮರುವರ್ಷ ಯುದ್ಧ ಜಪಾನಿಗೂ ಹರಡಿತು. ಟಪಾಲು ನಿಂತಿತು. ಯುದ್ಧ ಮುಗಿದ ಮೇಲೆ ಕೆಂಚೇಗೌಡ ಕಂಡ ಕಂಡ ಕಚೇರಿಗೆ ಅಲೆದ. ತಮ್ಮ ಇದ್ದಾನೆ ಎಂದೂ ಯಾರೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಚಿಕ್ಕತಾಯಮ್ಮ ಕುಂಕುಮ ಇಡುವುದನ್ನು ಬಿಡಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ನನ್ನ ಮುಂದೆ ನಿಂತು ಕೊಡೆಯ ಕೆಂಪನ್ನು ನೋಡುತ್ತಿದ್ದಳು. ಕೆಂಪು ಇರುವ ತನಕ ಗಂಡ ಇದ್ದಾನೆ ಎಂದು ಅವಳ ಮನಸ್ಸಿಗೆ ಅದು ಹೇಗೆ ಹೊಕ್ಕಿತೋ, ಹೊಕ್ಕುಬಿಟ್ಟಿತ್ತು. ಎಲ್ಲ ಬಿಟ್ಟು ನನ್ನ ಮೈಯ ಅತ್ಯಂತ ದುರ್ಬಲ ಬಣ್ಣಕ್ಕೆ ಅವಳು ಗಂಡನ ಜೀವ ಕಟ್ಟಿದ್ದಳು. ನನ್ನ ಸಂಕಟ ನಿಮಗೆ ಅರ್ಥವಾಯಿತಲ್ಲ?

ಇನ್ನೊಂದು ಭಯ ವರ್ಷಕ್ಕೊಮ್ಮೆ ಬರುತ್ತಿತ್ತು, ಪಿತೃಪಕ್ಷದ ಅಮಾವಾಸ್ಯೆಗೆ. ಆ ಸೀಮೆಯಲ್ಲಿ ಅಂದು ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರ ಪಟ ಒರೆಸಿ, ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಹೊಸ ಪಂಚೆ, ಹೊಸ ಸೀರೆ ಇಟ್ಟು, ಬಾಳೆಲೆ ತುಂಬ ಅವರು ಇಷ್ಟಪಡುತ್ತಿದ್ದದ್ದನ್ನು ಬಡಿಸುತ್ತಾರೆ. ಆಮೇಲೆ ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾರೆ, ಒಳಗೆ ಹಿರಿಯರು ಬಂದು ಉಣ್ಣಲಿ ಎಂದು. ಹಾರ ಬಿದ್ದ ಪಟ ಸತ್ತವರ ಪಟ. ನನಗೆ ಹಾರ ಬಿದ್ದರೆ ಬೋರಲಿಂಗೇಗೌಡ ಸತ್ತ ಹಾಗೆ, ಚಿಕ್ಕತಾಯಮ್ಮನ ಕುಂಕುಮ ಅಳಿದ ಹಾಗೆ.

ಕಾಗದ ಬರುವುದು ನಿಂತು ಹನ್ನೆರಡು ವರ್ಷವಾದ ಆ ಅಮಾವಾಸ್ಯೆಯ ಬೆಳಗ್ಗೆ ಕೆಂಚೇಗೌಡ ಎರಡು ಹಾರ ತಂದ. ಒಂದನ್ನು ತನ್ನ ತಾಯಿಯ ಪಟಕ್ಕೆ ಹಾಕಿದ. ಇನ್ನೊಂದನ್ನು ಹಿಡಿದು ನನ್ನ ಕಡೆಗೆ ಬಂದ. ಚಿಕ್ಕತಾಯಮ್ಮ ಒಲೆ ಬಿಟ್ಟು ಓಡಿಬಂದು ನನಗೂ ಅವನಿಗೂ ನಡುವೆ ನಿಂತಳು. ಭಾವನೆದುರು ತಲೆಯೆತ್ತದವಳು ಅವತ್ತು ಎತ್ತಿದಳು.

"ಹೂ ಹಾಕ್ಬುಟ್ರೆ ಅವ್ರು ಅಲ್ಲೇ ನಿಂತೋಯ್ತಾರೆ ಭಾವ. ಬ್ಯಾಡಿ" ಎಂದಳು.

ಕೆಂಚೇಗೌಡ ಕೆಟ್ಟವನಲ್ಲ. ಅವನ ಕಣ್ಣೂ ತುಂಬಿತ್ತು. "ನಿನ್ಗೆ ಗಂಡ, ನಂಗೂ ತಮ್ಮ ಕಣವ್ವ. ವರ್ಸಾ ವರ್ಸಾ ಎಲ್ಲಾರ್ಗೂ ಎಡೆ ಇಕ್ತೀನಿ. ಎಲ್ಲಾರೂ ಒಳಕ್ ಬಂದು ಉಣ್ತಾ ಇದ್ರೆ ಅವ್ನೊಬ್ಬ ಬಾಗ್ಲಲ್ಲಿ ನಿಂತ್ಕಂಡಂಗಾಯ್ತದೆ. ಹಸ್ಕಂಡವ್ನೇನೋ" ಎಂದ.

ನಾನು ಗಾಜಿನ ಹಿಂದೆ ಬೆವೆತೆ. ಇಬ್ಬರದ್ದೂ ಒಂದೇ ಪ್ರೀತಿ. ಎಡೆ ಇಟ್ಟರೆ ಸತ್ತಾನು ಎಂದು ಇವಳಿಗೆ ಭಯ, ಇಡದಿದ್ದರೆ ಹಸಿದಾನು ಎಂದು ಅವನಿಗೆ ಭಯ. ಸತ್ಯ ಗೊತ್ತಿದ್ದ ನಾನು ಗೋಡೆಗೆ ಅಂಟಿಕೊಂಡು ಸುಮ್ಮನಿದ್ದೆ. ಕೊನೆಗೆ ಅವನೇ ಸೋತ. ಎರಡನೆಯ ಹಾರವನ್ನೂ ತಾಯಿಯ ಪಟಕ್ಕೇ ಹಾಕಿ ಹೊರಗೆ ಹೋದ. ಅವತ್ತು ಅವನು ಊಟ ಮಾಡಲಿಲ್ಲ. ಮುಂದೆ ಬಾಯಿಬಿಟ್ಟು ಯಾವತ್ತೂ ಕೇಳಲಿಲ್ಲ, ಆದರೆ ಪ್ರತಿ ಅಮಾವಾಸ್ಯೆಗೂ ಒಂದು ಹಾರ ಹೆಚ್ಚಿಗೆ ತರುತ್ತಿದ್ದ. ಅವಳು ನೋಡಿದರೆ ಸಾಕು, ಅದನ್ನು ಬಾಗಿಲಿಗೆ ಕಟ್ಟಿಬಿಡುತ್ತಿದ್ದ.

ಸಾಯುವ ಹೊತ್ತಿಗೆ ಅವನು ಚಿಕ್ಕತಾಯಮ್ಮನನ್ನು ಕರೆಸಿಕೊಂಡ. ತನಗೆ ಎಡೆ ಇಡುವಾಗ ಒಂದು ತುತ್ತು ಹೆಚ್ಚಿಗೆ ಇಡಬೇಕು, ತಾನು ಅದನ್ನು ಎಲ್ಲಾದರೂ ತಮ್ಮನಿಗೆ ತಲುಪಿಸುತ್ತೇನೆ ಎಂದು ಕೇಳಿಕೊಂಡ. ಭಾವನ ಎಲೆಯಲ್ಲಿ ಮಾತ್ರ ಪ್ರತಿ ವರ್ಷ ಅನ್ನ ತುಸು ಜಾಸ್ತಿ ಬೀಳುತ್ತಿತ್ತು.

ಈ ನಡುವೆ ಮಗಳು ನಿಂಗಾಜಮ್ಮ ಬೆಳೆದು ದೊಡ್ಡವಳಾದಳು. ಮರಿಸ್ವಾಮಿ ಎಂಬವನನ್ನು ಮನೆಯಳಿಯನನ್ನಾಗಿ ತಂದರು. ಗಂಡ ಹೆಂಡತಿ ಹುಳ ಸಾಕುವುದು ಬಿಟ್ಟು ಗೂಡಿನಿಂದ ನೂಲು ತೆಗೆಯುವ ಚರಕ ಹಾಕಿದರು. ಎಳೆ ಕಣ್ಣಿಗೆ ಕಾಣಬೇಕಲ್ಲ, ಪೂರ್ವದ ಗೋಡೆ ಒಡೆದು ಕಿಟಕಿ ಇಟ್ಟರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು. ಬೆಳಗಿನ ಬಿಸಿಲು ಮೊದಲು ನೆಲದ ಮೇಲೆ ಒಂದು ಚೌಕವಾಗಿ ಬಿತ್ತು. ತಿಂಗಳು ತಿಂಗಳಿಗೆ ಅದು ಗೋಡೆಯ ಮೇಲೆ ಜರುಗುತ್ತ ಬಂತು. ಇವತ್ತು ಇಷ್ಟು ದೂರ, ನಾಳೆ ಇಷ್ಟು ದೂರ ಎಂದು ನಾನು ಎದೆ ಹಿಡಿದುಕೊಂಡು ನೋಡುತ್ತಿದ್ದೆ. ಒಂದು ಬೆಳಗ್ಗೆ ಅದು ಬಂದು ಸೇತುವೆಯ ಮೇಲೆ ನಿಂತಿತು.

ನಾಲ್ಕು ವರ್ಷದಲ್ಲಿ ಕೊಡೆ ಕೆಂಪಿನಿಂದ ಗುಲಾಬಿಗೆ ಇಳಿಯಿತು. ಚಿಕ್ಕತಾಯಮ್ಮ ನೋಡಿದಳು. ಯಾರಿಗೂ ಹೇಳಲಿಲ್ಲ. ಬೇರೆ ಗೋಡೆಗೆ ಹಾಕಿದ್ದರೆ ಸಾಕಿತ್ತು, ಆದರೆ ಮೊಳೆಯಿಂದ ಇಳಿಸಿದರೆ ಅದೇ ಅಪಶಕುನವಾದೀತೆಂದು ಅವಳಿಗೆ ದಿಗಿಲು. ತನ್ನ ಮದುವೆಯ ಸೀರೆಯ ಸೆರಗು ಕತ್ತರಿಸಿ ನನಗೊಂದು ಪರದೆ ಹೊಲಿದಳು. ಸಂಜೆ ಮಾತ್ರ ಅದನ್ನು ಸರಿಸಿ, ದೀಪವನ್ನು ತುಸು ದೂರದಲ್ಲೇ ಹಿಡಿದು ನೋಡುತ್ತಿದ್ದಳು. ನಿಂಗಾಜಮ್ಮನಿಗೂ ಅಮ್ಮನ ಈ ಭಯ ಗೊತ್ತಿತ್ತು. ಒಮ್ಮೆ ಕೆಂಪು ಪೆನ್ಸಿಲ್ ತಂದು ಗಾಜು ತೆಗೆಯಲು ಹೋಗಿ, ಕೈ ಬರದೆ ಬಿಟ್ಟುಬಿಟ್ಟಳು.

ನಾನು ಈ ಮನೆಗೆ ಬಂದು ಐವತ್ತು ವರ್ಷದ ಮೇಲಾಯಿತು. ಚಿಕ್ಕತಾಯಮ್ಮನಿಗೆ ಎಪ್ಪತ್ತು ದಾಟಿತ್ತು. ಪಿತೃಪಕ್ಷಕ್ಕೆ ಹದಿನೈದು ದಿನ ಇರುವಾಗ ಮನೆಯ ಚರಕ ನೋಡಲು ಜಪಾನಿನಿಂದ ಬಂದ ಒಬ್ಬ ರೇಷ್ಮೆ ತಜ್ಞೆ ಬಂದರು. ಹೆಸರು ಕಿಯೊಕೊ. ಮಾತು ದಾಟಿಸಲು ಶಿವನಂಜಯ್ಯ ಎಂಬ ಅಧಿಕಾರಿ ಜೊತೆಗಿದ್ದರು. ಸಂಜೆಯಾಗಿತ್ತು, ಪರದೆ ಸರಿದಿತ್ತು. ಕಾಫಿ ಲೋಟ ಹಿಡಿದ ಆಕೆ ನನ್ನನ್ನು ಕಂಡು ಲೋಟವನ್ನು ಕೆಳಗಿಟ್ಟರು.

ನಾನು ಹುಟ್ಟಿದ ಮೇಲೆ ನನ್ನನ್ನು ಹಾಗೆ ನೋಡಿದವರು ಅವರೊಬ್ಬರೇ. ಮೊದಲು ದೂರ ನಿಂತು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ಬಗ್ಗಿ, ಅಚ್ಚು ಒತ್ತಿದ ಕಡೆ ಕಾಗದ ತಗ್ಗಿರುವುದನ್ನು ನೋಡಿದರು. ಮಳೆಯ ಗೆರೆಯನ್ನು ಉಗುರಿನಿಂದ ಗಾಜಿನ ಮೇಲೆಯೇ ಹಿಂಬಾಲಿಸಿದರು. ಹೊಳೆಯ ನೀಲಿಯನ್ನು ತೋರಿಸಿ, ಹಲಗೆಯ ಮೇಲಿನ ಬಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಹೀಗೆ ತೆಳು ಮಾಡುತ್ತಾರೆ ಎಂದು ವಿವರಿಸಿದರು. ಎಲ್ಲರೂ ದುಡಿಯುವ ಹೊತ್ತು, ಯಾರೂ ನಮ್ಮ ಕಡೆ ನೋಡುತ್ತಿಲ್ಲ, ಅದಕ್ಕೇ ಇದು ಇಷ್ಟು ಚಂದ ಎಂದರು. ಹೆಮ್ಮೆಯಿಂದ ನಾನು ಉಬ್ಬಬೇಕಿತ್ತು. ಆದರೆ ನನ್ನ ಜೀವ ಬಾಯಿಗೆ ಬಂದಿತ್ತು. ಗೊತ್ತಿದ್ದವರು ಬಂದಿದ್ದಾರೆ. ಇನ್ನು ಹೇಳಿಬಿಡುತ್ತಾರೆ.

ಹೇಳಿಯೇಬಿಟ್ಟರು. ತಾನು ಚಿಕ್ಕವಳಿದ್ದಾಗ ತನ್ನೂರಿನ ಅಂಚೆ ಕಚೇರಿಯ ಗೋಡೆಯ ಮೇಲೆ ಇದೇ ಚಿತ್ರವಿತ್ತು, ಅದರಲ್ಲಿ ಕೊಡೆ ಅಚ್ಚ ಕೆಂಪಗಿತ್ತು ಎಂದರು. ಶಿವನಂಜಯ್ಯ ಅದನ್ನು ಕನ್ನಡದಲ್ಲಿ ಹೇಳಿದರು. ನಿಂಗಾಜಮ್ಮ ಗಾಬರಿಯಾಗಿ ಅಮ್ಮನ ಮುಖ ನೋಡಿದಳು.

ಚಿಕ್ಕತಾಯಮ್ಮ ಎದ್ದು ಬಂದು ಕೊಡೆಯ ಮೇಲೆ ಬೆರಳಿಟ್ಟಳು. ಆಮೇಲೆ, "ಈ ಕೊಡೆ ಹಿಡ್ದಿರೋರು ಯಾರು ಅಂತ ಕೇಳು ಸ್ವಾಮಿ" ಎಂದಳು.

ಯಾರೂ ಅಲ್ಲ, ಹೆಸರಿಲ್ಲದ ಒಬ್ಬ ಮನುಷ್ಯ, ಆ ಊರಿನವನೇ ಇರಬೇಕು, ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದಾನೆ. ಉತ್ತರ ಅಷ್ಟೇ. ಚಿಕ್ಕತಾಯಮ್ಮ ತಲೆಯಾಡಿಸಿ, ಬಂದವರಿಗೆ ಇನ್ನೊಂದು ಲೋಟ ಕಾಫಿ ಕೊಡಲು ಮಗಳಿಗೆ ಹೇಳಿದಳು. ನಾನು ನೋಡಲಾರದೆ ನೋಡಿದೆ. ಐವತ್ತು ವರ್ಷ ನಾನು ಹೆದರಿದ್ದ ಗಳಿಗೆ ಬಂದು ಕಾಫಿಯ ಜೊತೆ ಕಳೆದುಹೋಗಿತ್ತು.

ಅವರೆಲ್ಲ ಹೋದ ಮೇಲೆ ಅವಳು ಮಗಳನ್ನು ಹತ್ತಿರ ಕೂರಿಸಿಕೊಂಡಳು.

"ಕಣ್ಮುಚ್ಕಂಡ್ರೆ ನಂಗೆ ಈ ಕೊಡೆನೇ ಕಾಣೋದು ಕಣವ್ವ. ನಿಮ್ಮಪ್ಪನ ಮುಖ ಮರ್ತೇ ಹೋಗದೆ. ಇವ್ರು ನಮ್ಮೋರಲ್ಲ. ನಮ್ಮೋರು ಹಸ್ಕಂಡವ್ರೆ" ಎಂದಳು.

ಆ ಅಮಾವಾಸ್ಯೆಗೆ ಬೋರಲಿಂಗೇಗೌಡನಿಗೆ ಎಡೆ ಇಟ್ಟರು. ಅವನಿಗೇನು ಇಷ್ಟವಿತ್ತೆಂದು ಅವಳಿಗೆ ನೆನಪಿರಲಿಲ್ಲ. ಎರಡು ವರ್ಷದ ಸಂಸಾರ, ಆಗ ಅವಳ ವಯಸ್ಸೆಷ್ಟು? ಅದಕ್ಕೆ ತನಗೆ ಬರುವ ಅಡುಗೆಯನ್ನೆಲ್ಲ ಮಾಡಿಸಿದಳು. ಹೊಸ ಪಂಚೆ ಇಟ್ಟಳು. ಅಳಿಯ ಮರಿಸ್ವಾಮಿ, ಪಾಪ, ಹಾರ ಹಿಡಿದು ಸೀದಾ ನನ್ನ ಹತ್ತಿರ ಬಂದ. ಮನೆಯಲ್ಲಿ ಮಾವನದೆಂದು ಬೇರೆ ಪಟವೇ ಇಲ್ಲವಲ್ಲ. ಹೂವಿನ ನೀರು ನನ್ನ ಗಾಜಿಗೆ ತಾಗಿತ್ತು.

"ಅವ್ರಿಗೆ ಬ್ಯಾಡ ಕಣಪ್ಪ" ಎಂದಳು ಚಿಕ್ಕತಾಯಮ್ಮ ಕೂತಲ್ಲಿಂದಲೇ. "ಯಾರ್ ಮನೆ ಗಂಡ್ಸೋ. ಅವ್ರ ಹೆಂಡ್ತಿ ಎಲ್ಲಿ ಕಾಯ್ತಾ ಕುಂತವ್ಳೋ. ಅವ್ರು ಮನೆ ಸೇರ್ಕಳ್ಳಿ."

ನನ್ನ ಪಕ್ಕದಲ್ಲೇ ಗೋಡೆಗೆ ಒಂದು ಮೊಳೆ ಹೊಡೆಸಿ, ಬರೀ ಮೊಳೆಗೆ ಹಾರ ಹಾಕಿಸಿದಳು. ಅದರ ಕೆಳಗೆ ಎಲೆ ಬಡಿಸಿದರು. ಎಲ್ಲರೂ ಹೊರಗೆ ಹೋದರು. ಬಾಗಿಲು ಮುಚ್ಚಿತು.

ಒಳಗೆ ಉಳಿದವನು ನಾನೊಬ್ಬ. ಆಗ ನನಗೆ ಹೊಳೆಯಿತು. ಹೆಂಡತಿ ಅವನ ಮುಖ ಮರೆತಿದ್ದಾಳೆ, ಮಗಳು ನೋಡಿಯೇ ಇಲ್ಲ, ಅಣ್ಣ ತೀರಿಹೋದ. ಅವನ ಮುಖ ಕಂಡು ನೆನಪಿಟ್ಟುಕೊಂಡಿರುವುದು ಈ ಲೋಕದಲ್ಲಿ ನಾನೊಬ್ಬನೇ. ಅಂಗಡಿಯ ಖಾನೆಯ ಮೇಲೆ ಬಗ್ಗಿ ಆತ ನನ್ನನ್ನು ನೋಡಿದ್ದ. ಅಗಲ ಹಣೆ. ಎಡ ಹುಬ್ಬು ನಡುವೆ ಸೀಳಿದ ಹಳೆಯ ಗಾಯದ ಗುರುತು. ಮೇಲಿನ ತುಟಿಯ ಮೇಲೆ ಒಂದು ಹನಿ ಬೆವರು. ಕೊಡೆಯವನನ್ನು ಕಂಡು ಸುಮ್ಮನೆ ನಕ್ಕಿದ್ದ, ಯಾರೋ ಗುರುತಿನವರನ್ನು ಕಂಡಂತೆ. ಅವತ್ತು ನಾನು ಕಣ್ಣು ಮಿಟುಕಿಸದೆ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದೆ. ಬಂದರೆ ಗುರುತು ಹಿಡಿಯಬೇಕಾದವನು ನಾನಲ್ಲವೇ? ದೀಪದ ಕುಡಿ ಅಲ್ಲಾಡಿತು. ಎಲೆಯ ಅನ್ನದ ಆವಿ ಆರಿತು. ಅಷ್ಟು ಬಿಟ್ಟು ನನಗೇನೂ ಕಾಣಲಿಲ್ಲ.

ಚಿಕ್ಕತಾಯಮ್ಮ ಹೋಗಿ ಬಹಳ ವರ್ಷವಾಯಿತು. ಅವಳು ಹೊಲಿದ ಪರದೆಯೂ ಜೀರ್ಣವಾಗಿ ಹರಿದುಹೋಯಿತು. ನಿಂಗಾಜಮ್ಮನೂ ಈಗ ಮುದುಕಿ. ಕೊಡೆ ಪೂರ್ತಿ ಬಿಳಿಚಿಕೊಂಡಿದೆ, ಸೇತುವೆಯೂ ಮಸುಕು. ಮೂಲಂಗಿ ತೊಳೆಯುವವಳು ಇನ್ನೂ ತಲೆ ಎತ್ತಿಲ್ಲ. ನನ್ನ ಮೇಲೆ ಯಾರ ಜೀವವೂ ನಿಂತಿಲ್ಲ, ಇನ್ನಾದರೂ ನೆಮ್ಮದಿಯಾಗಿ ಮಾಸಬಹುದಿತ್ತು. ಆದರೂ ಬೆಳಗ್ಗೆ ಬಿಸಿಲಿನ ಚೌಕ ಗೋಡೆ ಹತ್ತುವಾಗ ನನ್ನ ಎದೆ ಮೊದಲಿಗಿಂತ ಜೋರಾಗಿ ಹೊಡೆದುಕೊಳ್ಳುತ್ತದೆ. ನಾನು ಅಳಿದರೆ ಬೋರಲಿಂಗೇಗೌಡನ ಮುಖ ಕಂಡವರು ಯಾರೂ ಉಳಿಯುವುದಿಲ್ಲ.